ಲೋಲಾಳ ಬಾಯಲ್ಲಿ ನನ್ನ ಕನ್ನಡ

ಸಣ್ಣ ಮಕ್ಕಳ ಶಾಲೆಗೆ ಆಯಾ ಆಗಿ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು, ಸೆರಗು ಇಳಿಬಿಡಬೇಡಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಅಳುವ ಮಕ್ಕಳು ಸೆರಗು ಹಿಡಿಯುತ್ತಾರೆ. ಮೂವರು ಮೂರು ಕಡೆಗೆ ಎಳೆದರೆ ನೀವು ನಿಂತಲ್ಲೇ ನಿಲ್ಲಬೇಕಾಗುತ್ತದೆ. ಎರಡನೆಯ ಮಾತು, ಮಗು ಬಾಯಿ ಬಿಟ್ಟು 'ಒಂದಕ್ಕೆ' ಎನ್ನುವ ತನಕ ಕಾಯಬೇಡಿ. ಅದರ ಮೊಣಕಾಲು ನೋಡಿ. ಎರಡೂ ಮೊಣಕಾಲು ಒಂದಕ್ಕೊಂದು ತಾಗಿದವೆಂದರೆ ನಿಮಗೆ ಉಳಿದಿರುವುದು ಹತ್ತು ಎಣಿಸುವಷ್ಟು ಹೊತ್ತು ಮಾತ್ರ. ಇವೆರಡನ್ನೂ ನನಗೆ ಕಲಿಸಿದವಳು ಗಂಗವ್ವ, ನನಗಿಂತ ಮೊದಲು ನಮ್ಮ ಶಾಲೆಯಲ್ಲಿ ಆಯಾ ಆಗಿದ್ದವಳು. ಮೂರನೆಯ ಮಾತೊಂದಿದೆ. ಅದನ್ನು ಯಾರೂ ನನಗೆ ಕಲಿಸಲಿಲ್ಲ. ಅದನ್ನು ಹೇಳಲೆಂದೇ ಈ ನೋಟ್‌ಬುಕ್ಕು ಹಿಡಿದು ಕೂತಿದ್ದೇನೆ.

ನನ್ನ ಹೆಸರು ಶಾಂತಾ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ರಸ್ತೆಯ ಬದಿಯಲ್ಲಿದ್ದ ಒಂದು ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ಮೂಗು ಒರೆಸಿದೆ. ಹೋದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದ ರೇಣುಕಾ ಒಂದು ಭಾನುವಾರ ಮನೆಗೆ ಬಂದು, "ಅಕ್ಕಾರ, ನಿಮಗ ಗೊತ್ತಿದ್ದದ್ದೆಲ್ಲಾ ಒಂದ್ ಕಡೆ ಬರದು ಕೊಡ್ರಿ. ಮಕ್ಕಳು ಅಳೂದು ನೋಡಿ ನನಗೂ ಅಳು ಬರಾಕತ್ತೈತಿ" ಅಂದಳು. ಬರೆಯಲು ಅದೊಂದು ಕಾರಣ.

ಇನ್ನೊಂದು ಕಾರಣ ನನ್ನ ತಂಗಿ ಕರುಣಾ. ಅದೇ ಶಾಲೆಯಲ್ಲಿ ಅವಳು ಅರ್ಧ ವರ್ಷ ಸಣ್ಣ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸಿದಳು. ಆಮೇಲೆ ಅದನ್ನು ಬಿಟ್ಟು, ಈಗ ಆರು ವರ್ಷದಿಂದ ಐದನೇ ಇಯತ್ತೆಯವರಿಗೆ ಇಂಗ್ಲಿಷ್ ವ್ಯಾಕರಣ ಹೇಳುತ್ತಿದ್ದಾಳೆ. ಈ ತಿಂಗಳ ಮೊದಲ ವಾರ ಧಾರವಾಡದ ಬೇರೊಂದು ಶಾಲೆಯವರು ನಮ್ಮ ಮನೆಗೇ ಬಂದರು. ನಾಲ್ಕು ವರ್ಷದ ಮಕ್ಕಳಿಗೆ ಸ್ಪ್ಯಾನಿಷ್ ಶುರು ಮಾಡುತ್ತೇವೆ, ನೀವೇ ಬರಬೇಕು ಎಂದು ಕೇಳಿಕೊಂಡರು. ಕರುಣಾ ಕೈ ಮುಗಿದಳು.

"ಬ್ಯಾಡ್ರಿ. ಅದಕ್ಕ ಬಾಯಿ ಮ್ಯಾಲೆ ಹಿಡಿತ ಇರಬೇಕಾಗ್ತೈತಿ. ನನಗ ಅದಿಲ್ರಿ. ಒಮ್ಮೆ ಕೆಟ್ಟೈತಿ."

ಅವರು ಬಿಡಲಿಲ್ಲ. ತಿಂಗಳ ಕೊನೆಯ ತನಕ ವಿಚಾರ ಮಾಡಿ ಹೇಳಿ ಅಂದು ಹೋದರು. ಚಹಾದ ಬಸಿಗಳನ್ನು ಎತ್ತಿಕೊಂಡು ನಾನು ಒಳಗೆ ಹೋದೆ. ಅವಳ ಬಾಯಿ ಎಂದೂ ಹಿಡಿತ ತಪ್ಪಿರಲಿಲ್ಲ. ಅದು ಗೊತ್ತಿದ್ದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ತಿಂಗಳ ಕೊನೆಗೆ ಇನ್ನು ಹನ್ನೊಂದು ದಿನ ಇವೆ.

ಮೊದಲಿನಿಂದ ಹೇಳುತ್ತೇನೆ.

ನಾನು ಸೇರಿದಾಗ ನಮ್ಮ ಶಾಲೆಯಲ್ಲಿ ಎಲ್ಲ ಇಂಗ್ಲಿಷ್. ಮಕ್ಕಳಿಗೆ ಮಾತ್ರ ಇಂಗ್ಲಿಷ್ ಇಲ್ಲ. ಹಳೇ ಹುಬ್ಬಳ್ಳಿಯಿಂದ ಬರುವ ಕೆಲವರ ಮನೆಯಲ್ಲಿ ಉರ್ದು, ಕೆಲವರಲ್ಲಿ ಮರಾಠಿ, ಉಳಿದವರಲ್ಲಿ ಕನ್ನಡ. ಆಗಿನ ಟೀಚರ್ ಕೇರಳದವರು. ಒಳ್ಳೆಯ ಹೆಂಗಸು, ಆದರೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಹಿಂದಿನಿಂದ ಕನ್ನಡದಲ್ಲಿ ಕೂಗುವುದು. ಅವರು ಸನ್ನೆ ಮಾಡಿ ಏನೋ ಅಂದರೆ ನಾನು "ಎಲ್ಲಾರೂ ಕುಂದರ್ರಿ" ಅನ್ನುತ್ತಿದ್ದೆ. ನನಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಕೈ, ಮುಖ, ಪುಸ್ತಕದ ಚಿತ್ರ ನೋಡಿ ಊಹೆ ಮಾಡುತ್ತಿದ್ದೆ.

ಒಂದು ದಿನ ಅವರು ಮುಖ ಅಡಗಿಸಿಕೊಂಡು, ಪಿಸುಗುಟ್ಟುತ್ತ, ಉದ್ದವಾದ ಕಥೆ ಶುರು ಮಾಡಿದರು. ಚಿತ್ರವೂ ಇರಲಿಲ್ಲ. ಅರ್ಧ ಆಗುವಷ್ಟರಲ್ಲಿ ನನಗೆ ತಲೆಬುಡ ತಿಳಿಯಲಿಲ್ಲ. ಮಕ್ಕಳೆಲ್ಲ ತಿರುಗಿ ನನ್ನ ಬಾಯಿ ನೋಡುತ್ತಿದ್ದಾರೆ. ನಾನು ಬಿಡುವವಳೇ? ನನ್ನ ಅವ್ವನ ತವರು ಗರಗದಲ್ಲಿ ಒಂದು ಎಮ್ಮೆ ಇತ್ತು, ಮೈ ತೊಳೆಯಲು ಹೋದರೆ ಓಡಿಹೋಗಿ ಪಕ್ಕದ ಮನೆಯ ಒಣಹಾಕಿದ ಸೀರೆ ಕೊಂಬಿಗೆ ಸಿಕ್ಕಿಸಿಕೊಂಡು ಊರೆಲ್ಲ ತಿರುಗುತ್ತಿತ್ತು. ಆ ಕಥೆ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರ್‌ಗೆ ಆಶ್ಚರ್ಯ. ಮೇಡಂ ಬಂದು, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಬಾಗಿಲಲ್ಲಿ ನಿಂತು ಕೇಳಿ, ನನ್ನನ್ನು ಹೊರಗೆ ಕರೆದರು.

"ಶಾಂತವ್ವ, ಟೀಚರ್ ಹೇಳಿದ್ದು ಮೊಲದ ಕಥಿ. ನಡುವ ಎಮ್ಮಿ ಎಲ್ಲಿಂದ ಬಂತು?"

"ಗರಗದಿಂದ್ರಿ ಮೇಡಂ" ಅಂದೆ.

ಅವರು ಮುಖ ತಿರುಗಿಸಿಕೊಂಡು ಹೋದರು. ನಕ್ಕದ್ದು ಕಾಣಬಾರದೆಂದು ಹಾಗೆ ಮಾಡಿದ್ದೆಂದು ಆಮೇಲೆ ತಿಳಿಯಿತು. ಗಟ್ಟಿಗಿತ್ತಿ, ಆದರೆ ಮಕ್ಕಳ ಮುಂದೆ ಯಾರೂ ನಿಂತು ಮಾತಾಡಬಾರದು, ಅವರ ಕಣ್ಣಿನ ಎತ್ತರಕ್ಕೆ ಕುಂಡ್ರಬೇಕು ಎಂದು ನಮಗೆಲ್ಲ ಕಲಿಸಿದವರು ಅವರೇ. ನನ್ನ ಮೊಣಕಾಲು ಈಗ ಕೆಟ್ಟಿರುವುದು ಅವರ ಆ ಒಂದು ಮಾತಿನಿಂದ.

ಎಮ್ಮೆಯ ಕಥೆಯನ್ನು ಯಾಕೆ ಹೇಳಿದೆನೆಂದರೆ, ಆ ವರ್ಗದ ನಾಲಗೆ ನಾನಾಗಿದ್ದೆ. ಟೀಚರ್‌ಗಳು ಬಂದರು, ಹೋದರು. ಮಕ್ಕಳಿಗೆ ಅರ್ಥವಾಗುತ್ತಿದ್ದದ್ದು ನನ್ನ ಮಾತು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅದು ಸಣ್ಣ ಸಂಗತಿಯಲ್ಲ.

ಏಳನೇ ಇಯತ್ತೆಗೆ ಯಾಕೆ ಬಿಟ್ಟೆ ಎಂಬುದನ್ನೂ ಹೇಳಬೇಕು. ನಮ್ಮ ಅಪ್ಪ ಧಾರವಾಡದಲ್ಲಿ ಚರ್ಚಿನ ಆವರಣದ ಕಾವಲುಗಾರ. ಅವ್ವ ಸೊಂಟ ನೋವಿನಿಂದ ಹಾಸಿಗೆ ಹಿಡಿದಳು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಒಲೆಯ ಮುಂದೆ ಕೂಡಬೇಕು. ನಾನು ದೊಡ್ಡವಳು. ಕರುಣಾ ನನಗಿಂತ ಎಂಟು ವರ್ಷ ಸಣ್ಣವಳು. ಅವಳ ಎರಡು ಜಡೆಗೆ ರಿಬ್ಬನ್ ಕಟ್ಟಿ ಶಾಲೆಗೆ ಕಳಿಸುತ್ತಿದ್ದವಳು ನಾನು. ಸಂಜೆ ಅವಳು ಬಂದು ಪಾಠ ಒಪ್ಪಿಸುವಾಗ ರೊಟ್ಟಿ ಬಡಿಯುತ್ತ ನಾನೂ ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ. ಕ್ರಿಸ್ಮಸ್‌ಗೆ ಚರ್ಚಿನಲ್ಲಿ ಬೈಬಲ್ ವಾಚನ ಓದಲು ಅವಳನ್ನು ನಿಲ್ಲಿಸುತ್ತಿದ್ದರು. ಅವಳ ಫ್ರಾಕು ನಾನು ಹೊಲಿದದ್ದು. ಓದು ಮುಗಿದ ಮೇಲೆ ಎಲ್ಲರೂ ಅವಳ ಗಲ್ಲ ಮುಟ್ಟಿ ಮಾತಾಡಿಸುತ್ತಿದ್ದರು. ಫ್ರಾಕನ್ನು ಯಾರು ನೋಡುತ್ತಾರೆ?

ಅವಳು ಮೇಲೆ ಓದಿದಳು, ಪುಣೆಗೆ ಹೋದಳು, ಅಲ್ಲಿ ಟೀಚರ್ ಆದಳು, ಸಂಜೆಯ ತರಗತಿಗೆ ಹೋಗಿ ಸ್ಪ್ಯಾನಿಷ್ ಕಲಿತಳು. ಮದುವೆಯಾಗಲಿಲ್ಲ. ನಾನು ಮದುವೆಯಾದೆ, ಗಂಡ ಬೇಗ ತೀರಿಕೊಂಡರು, ಅಪ್ಪನ ಮನೆಗೆ ತಿರುಗಿ ಬಂದೆ. ಅಪ್ಪ ಹೋದ ಮೇಲೆ ಕರುಣಾ ಪುಣೆ ಬಿಟ್ಟು ಬಂದಳು. "ಅಕ್ಕಾ, ನೀ ಒಬ್ಬಾಕಿ ಇರೂದು ಬ್ಯಾಡ" ಅಂದಳು. ನನಗೋಸ್ಕರ ಬಂದಳು. ಇದನ್ನು ನೀವು ನೆನಪಿನಲ್ಲಿಡಬೇಕು, ಯಾಕೆಂದರೆ ಆಗ ನಾನು ಇಡಲಿಲ್ಲ.

ಆಗಲೇ ಪಕ್ಕದ ಶಾಲೆಯವರು ಸಣ್ಣ ಮಕ್ಕಳಿಗೆ ಫ್ರೆಂಚ್ ಶುರು ಮಾಡಿದ್ದರು. ನಮ್ಮ ಆಡಳಿತ ಮಂಡಳಿಯವರಿಗೆ ನಿದ್ದೆ ಬರಲಿಲ್ಲ. ಮೇಡಂ ನನ್ನನ್ನು ಕರೆದು, "ನಿನ್ನ ತಂಗಿಗೆ ಅದ್ಯಾವುದೋ ಭಾಷಾ ಬರ್ತದಂತಲ್ಲ?" ಅಂದರು. ಹೀಗೆ ಕರುಣಾ ನನ್ನ ವರ್ಗಕ್ಕೇ ಬಂದಳು. ಒಂದು ವರ್ಷ ನೋಡುತ್ತೇವೆ, ಆಮೇಲೆ ಮುಂದುವರಿಸುವುದು ಬಿಡುವುದು ಹೇಳುತ್ತೇವೆ ಎಂದು ಕರಾರು.

ಮನೆಯಲ್ಲಿ "ಕರುಣೀ, ಆ ಕೊಡ ತುಂಬು" ಅನ್ನುತ್ತಿದ್ದವಳು ಶಾಲೆಯ ಗೇಟು ದಾಟಿದೊಡನೆ "ಟೀಚರ್, ನೀರು ತರ್ಲೇನ್ರಿ?" ಅನ್ನಬೇಕಾಯಿತು. ಅವಳಿಗೇ ಮುಜುಗರ. "ಅಕ್ಕಾ, ಯಾರೂ ಇಲ್ಲದಾಗ ಹಂಗ ಅನಬ್ಯಾಡ" ಅಂದಳು. ನಾನು ಬೇಕೆಂದೇ ಅಂದೆ. ಪ್ರತಿ ಸಲ 'ರೀ' ಹಚ್ಚಿದಾಗ ಅವಳ ಮುಖ ಸಣ್ಣದಾಗುತ್ತಿತ್ತು. ನನಗೆ ಅದು ಹಿತವೆನಿಸುತ್ತಿತ್ತು.

ಕೆಲಸದ ಪದ್ಧತಿ ಪೂರಾ ಬದಲಾದದ್ದು ಆಗಲೇ. ಕರುಣಾ ಹೇಳಿಕೊಡುವುದೇ ಇಲ್ಲ. ಜಮಖಾನೆಯ ಮೇಲೆ ಮಕ್ಕಳ ನಡುವೆ ಕೂತು, ಒಂದು ಮಾತು ಸ್ಪ್ಯಾನಿಷಿನಲ್ಲಿ ಆಡುವುದು, ಅದನ್ನು ತಾನೇ ಮಾಡಿ ತೋರಿಸುವುದು. "ಸಿಯೆಂತಾತೆ" ಅಂದು ಒಂದು ಮಗುವಿನ ಕೈ ಹಿಡಿದು ಕೂಡಿಸುವುದು. "ಆಗ್ವಾ" ಅಂದು ನೀರು ಕುಡಿಯುವುದು. ಮಕ್ಕಳು ತಿರುಗಿ ಮಾತಾಡಲೇಬೇಕೆಂದಿಲ್ಲ, ಎರಡು ತಿಂಗಳು ಸುಮ್ಮನೆ ಕೇಳಿಸಿಕೊಂಡರೂ ಆಯಿತು.

ಮೊದಲನೇ ದಿನ ಅವಳು "ಸಿಯೆಂತಾತೆ" ಅಂದೊಡನೆ ಮಕ್ಕಳು ವಾಡಿಕೆಯಂತೆ ನನ್ನ ಕಡೆ ತಿರುಗಿದರು. ನಾನು ವಾಡಿಕೆಯಂತೆ "ಕುಂದರ್ರಿ" ಅಂದೆ. ವರ್ಗ ಮುಗಿದ ಮೇಲೆ ಕರುಣಾ ನನ್ನನ್ನು ಕಿಟಕಿಯ ಹತ್ತಿರ ಕರೆದಳು.

"ಅಕ್ಕಾ, ಸಿಟ್ಟ ಆಗಬ್ಯಾಡ. ನೀ ಕನ್ನಡದಾಗ ಹೇಳಿದ್ರ ಅವ್ರ ಕಿವಿ ನನ್ನ ಕಡೆ ಬರೂದಿಲ್ಲ. ನಿನ್ನ ಮಾತಿಗೇ ಕಾಯ್ಕೋತ ಕುಂದರ್ತಾವು. ನನ್ನ ಪಾಠ ನಡದಾಗ ನೀ ಮಾತಾಡಬಾರದು. ಒಂದ್ ಮಾತೂ."

"ಆತ್ರಿ ಟೀಚರ್" ಅಂದೆ.

ಅವಳು ಹೇಳಿದ್ದು ಖರೆಯೇ ಆಗಿತ್ತು. ಇಪ್ಪತ್ತು ವರ್ಷ ಅನುವಾದ ಮಾಡಿ ಮಾಡಿ, ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳದಂತೆ ಮಾಡಿದವಳು ನಾನೇ ಎಂದು ಈಗ ತಿಳಿಯುತ್ತದೆ. ಆದರೆ ಅಂದು ನನಗೆ ಕೇಳಿಸಿದ್ದು ಒಂದೇ: ಎರಡನೆಯ ಸಲ ನನ್ನನ್ನು ಶಾಲೆ ಬಿಡಿಸುತ್ತಿದ್ದಾರೆ.

ಹಿಂದಿನ ಗೋಡೆಗೆ ಒರಗಿ ಸುಮ್ಮನೆ ಕೂತೆ. ಕೂತು ಕೂತು ನನಗೇ ಸ್ಪ್ಯಾನಿಷ್ ಬಂತು. ಮಕ್ಕಳಿಗೆ ಎಷ್ಟು ಬಂತೋ ಅಷ್ಟು. ಪಾತ್ರೆ ತೊಳೆಯುವಾಗ ನನ್ನಷ್ಟಕ್ಕೆ ಆಗ್ವಾ, ಮಾಸ್, ಗ್ರಾಸಿಯಾಸ್ ಅನ್ನುತ್ತಿದ್ದೆ, ಅಂದರೆ ನೀರು, ಇನ್ನಷ್ಟು, ಧನ್ಯವಾದ. ಕರುಣಾಳ ಹೆಜ್ಜೆ ಕೇಳಿದೊಡನೆ ಬಾಯಿ ಮುಚ್ಚುತ್ತಿದ್ದೆ. ಅವಳಿಗೆ ಗೊತ್ತಾದರೆ ಖುಷಿಪಡುತ್ತಿದ್ದಳು. ಆ ಖುಷಿಯನ್ನು ನಾನು ಕೊಡಲು ತಯಾರಿರಲಿಲ್ಲ.

ದಸರಾ ರಜೆಯಲ್ಲಿ ಅವಳು ಒಂದು ಗೊಂಬೆ ಹೊಲಿದುಕೊಡು ಎಂದು ಕೇಳಿದಳು. ಕೈ ಒಳಗೆ ಹಾಕಿ ಆಡಿಸುವಂಥದ್ದು. ಅವ್ವನ ಪೆಟ್ಟಿಗೆಯಲ್ಲಿ ಗರಗದ ಖಾದಿಯ ಒಂದು ತುಂಡಿತ್ತು, ಅವ್ವನೇ ನೂತ ನೂಲಿನದು. ಅದರಿಂದ ಮೈ, ಕಪ್ಪು ಉಣ್ಣೆಯಿಂದ ಜಡೆ, ಅಪ್ಪನ ಕೋಟಿನ ಎರಡು ಗುಂಡಿಗಳಿಂದ ಕಣ್ಣು. ಕರುಣಾ ಅದನ್ನು ನೋಡಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅದಕ್ಕೆ ಲೋಲಾ ಎಂದು ಹೆಸರಿಟ್ಟಳು.

ಲೋಲಾ ಬಹಳ ದೂರದ ದೇಶದಿಂದ ಬಂದವಳು. ಅವಳಿಗೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ. ಆ ಪದ್ಧತಿಯ ಜೀವವೇ ಅದು. ಕರುಣಾಗೆ ಕನ್ನಡ ಬರುತ್ತದೆಂದು ಮಕ್ಕಳಿಗೆ ಗೊತ್ತು, ಹಾಗಾಗಿ ಅವಳ ಜೊತೆ ಕಷ್ಟಪಟ್ಟು ಸ್ಪ್ಯಾನಿಷ್ ಮಾತಾಡುವುದು ಯಾಕೆ? ಆದರೆ ಲೋಲಾಗೆ ಬಾಯಾರಿದರೆ, ಪಾಪ, ಅವಳ ಮಾತಿನಲ್ಲೇ ಕೇಳಬೇಕು. ಯಾವ ಮಗುವಾದರೂ ಕನ್ನಡ ಮಾತಾಡಿದರೆ ಲೋಲಾ ತಲೆ ಓರೆ ಮಾಡಿ "ನೋ ಎಂತಿಯೆಂದೊ" ಅನ್ನುತ್ತಿದ್ದಳು. ನನಗೆ ತಿಳಿಯಲಿಲ್ಲ ಎಂದು ಅರ್ಥ. ಲೋಲಾ ತಾನಿರುವ ಬುಟ್ಟಿಯಿಂದ ಹೊರಗೆ ಬಂದಿದ್ದಾಗ ಕರುಣಾ ಕೂಡ ಒಂದು ಮಾತು ಕನ್ನಡ ಆಡುತ್ತಿರಲಿಲ್ಲ. ಒಮ್ಮೆ ಅವಳ ಕಾಲ ಮೇಲೆ ಬೆಂಚು ಬಿತ್ತು. ಉಗುರು ಕಪ್ಪಾಯಿತು. ಆಗಲೂ ಅವಳು "ಅಯ್ಯೋ" ಅನ್ನಲಿಲ್ಲ, ಆ ಭಾಷೆಯಲ್ಲೇ ಅತ್ತಳು. ಅಂಥ ಬಾಯಿಗೆ ಹಿಡಿತವಿಲ್ಲವಂತೆ.

ಆ ವರ್ಷ ವರ್ಗದಲ್ಲಿ ನಿಧಿ ಎಂಬ ಹುಡುಗಿ ಇದ್ದಳು. ನಾಲ್ಕು ವರ್ಷ. ಶಿರಗುಪ್ಪಿಯಲ್ಲಿ ಅಜ್ಜಿಯ ಹತ್ತಿರ ಬೆಳೆದ ಮಗು, ಹುಬ್ಬಳ್ಳಿಗೆ ಕರೆದುತಂದ ಮೇಲೆ ಮನೆಯ ಹೊರಗೆ ಬಾಯಿ ಬಿಡುತ್ತಿರಲಿಲ್ಲ. ಜೂನ್‌ನಿಂದ ಅವಳ ಹಿಂದೆ ಬಿದ್ದಿದ್ದೆ. ತಲೆ ಬಾಚಿದೆ, ಡಬ್ಬಿಯಲ್ಲಿನ ಚಪಾತಿ ಮುರಿದು ತಿನ್ನಿಸಿದೆ, ಒದ್ದೆ ಚಡ್ಡಿ ಯಾರಿಗೂ ಕಾಣದಂತೆ ಬದಲಿಸಿದೆ, ಎಮ್ಮೆಯ ಕಥೆಯನ್ನು ಹತ್ತು ಸಲ ಹೇಳಿದೆ. ನಗುತ್ತಿದ್ದಳು. ಮಾತಿಲ್ಲ. ಇಂದು ಆಡುತ್ತಾಳೆ, ನಾಳೆ ಆಡುತ್ತಾಳೆ, ಆಡಿದರೆ ಮೊದಲ ಮಾತು ನನ್ನ ಜೊತೆಗೇ ಎಂದುಕೊಂಡಿದ್ದೆ.

ನವೆಂಬರಿನ ಒಂದು ಬೆಳಿಗ್ಗೆ ಲೋಲಾ ಖಾಲಿ ಲೋಟ ಹಿಡಿದು ಎಲ್ಲರ ಮುಂದೆ ಹುಡುಕಾಡುತ್ತಿದ್ದಳು. ಲೋಟದೊಳಗೆ ಇಣುಕುವುದು, ನಾಲಗೆ ಒಣಗಿತೆಂದು ತೋರಿಸುವುದು. ನಿಧಿ ಎದ್ದಳು. ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದಳು. ಲೋಲಾಳ ಮುಂದೆ ಹಿಡಿದು, "ಆಗ್ವಾ" ಅಂದಳು.

ಅವಳ ದನಿಯನ್ನು ನಾವೆಲ್ಲ ಮೊದಲ ಸಲ ಕೇಳಿದ್ದು. ಸ್ವಲ್ಪ ಒಡಕು ದನಿ. ಕರುಣಾ ಚಪ್ಪಾಳೆ ಹೊಡೆಯಲಿಲ್ಲ, ಮಗು ಬೆದರಬಾರದೆಂದು. ಲೋಲಾ ಗಟಗಟ ಕುಡಿದು "ಗ್ರಾಸಿಯಾಸ್" ಅಂದಳು ಅಷ್ಟೆ. ಕರುಣಾಳ ಕಣ್ಣಲ್ಲಿ ನೀರು ತುಂಬಿತ್ತು.

ಆ ಬಾಟಲಿಯನ್ನು ಬೆಳಿಗ್ಗೆ ತೊಳೆದು ನೀರು ತುಂಬಿಸಿದವಳು ನಾನು. ಆ ಗೊಂಬೆಯನ್ನು ಹೊಲಿದವಳು ನಾನು. ನನ್ನ ಅವ್ವನ ನೂಲು, ನನ್ನ ಅಪ್ಪನ ಗುಂಡಿ, ನಾನು ತೊಳೆದ ಮಗು. ಮಾತು ಮಾತ್ರ ಅವಳಿಗೆ.

ಊಟವಾದ ಮೇಲೆ ಒಂದರಿಂದ ಎರಡರ ತನಕ ಮಕ್ಕಳನ್ನು ಮಲಗಿಸುವ ಹೊತ್ತು. ಟೀಚರ್‌ಗಳು ತಮ್ಮ ಕೋಣೆಗೆ ಹೋಗುತ್ತಾರೆ, ವರ್ಗದಲ್ಲಿ ಆಯಾ ಒಬ್ಬಳೇ. ಮರುದಿನ ಎಲ್ಲರೂ ಮಲಗಿದ ಮೇಲೆ ನಿಧಿ ಕಣ್ಣು ಬಿಟ್ಟುಕೊಂಡು ಕಪಾಟಿನ ಮೇಲಿನ ಬುಟ್ಟಿ ನೋಡುತ್ತಿದ್ದಳು. ನಾನು ಬುಟ್ಟಿ ಇಳಿಸಿದೆ. ಲೋಲಾಳನ್ನು ಕೈಗೆ ಹಾಕಿಕೊಂಡೆ. ದನಿ ಸಣ್ಣದು ಮಾಡಿದೆ.

"ನಿಧೀ, ನನಗ ನಿನ್ನ ಮಾತು ತಿಳೀತೈತಿ. ಯಾರಿಗೂ ಹೇಳಬ್ಯಾಡ."

ಆ ಮಗುವಿನ ಮುಖ ಹೇಗೆ ಅರಳಿತೆಂದರೆ, ಇವತ್ತಿಗೂ ಕಣ್ಣ ಮುಂದಿದೆ. ಎದ್ದು ಕೂತು, ಲೋಲಾಳ ಕಿವಿಗೆ ಬಾಯಿ ಹಚ್ಚಿ, ಶಿರಗುಪ್ಪಿಯ ಅಜ್ಜಿ, ಅಜ್ಜಿಯ ಆಡು, ಆಡಿನ ಕುಂಟ ಕಾಲು, ವ್ಯಾನಿನಲ್ಲಿ ಚಿವುಟುವ ಹುಡುಗ, ಎಲ್ಲ ಹೇಳಿದಳು. ಐದು ತಿಂಗಳ ಮಾತು ಒಂದು ಗಂಟೆಯಲ್ಲಿ. ನನ್ನ ಕೆಲಸದ ಇಪ್ಪತ್ತಾರು ವರ್ಷಗಳಲ್ಲಿ ಅಷ್ಟು ಸಿಹಿಯಾದ ಮಧ್ಯಾಹ್ನ ಇನ್ನೊಂದಿಲ್ಲ. ಅದೇ ನನ್ನ ಅತ್ಯಂತ ಕೆಟ್ಟ ಕೆಲಸವೂ ಹೌದು.

ಒಂದು ದಿನಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನಿದ್ದೆ ಬಾರದ ಬೇರೆ ಮಕ್ಕಳೂ ಬಂದು ಸುತ್ತ ಕೂತರು. ಐದಾರು ಜನ. ಎಲ್ಲರಿಗೂ "ಯಾರಿಗೂ ಹೇಳಬ್ಯಾಡ್ರಿ" ಅಂದೆ. ಬೆಳಿಗ್ಗೆ ಪಾಠದಲ್ಲಿ ಅವರು ಒಬ್ಬರನ್ನೊಬ್ಬರು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು. ಕರುಣಾ, "ಈಗೀಗ ಇವ್ರು ಲೋಲಾನ ಜೊತಿ ಮಾತಾಡೂದು ಕಮ್ಮಿ ಮಾಡ್ಯಾರಲ್ಲ ಅಕ್ಕಾ, ಯಾಕಿರಬೇಕು?" ಎಂದು ಚಿಂತೆ ಮಾಡುತ್ತಿದ್ದಳು. "ಥಂಡಿ ಶುರು ಆಗೈತಲ್ಲ" ಅಂದೆ.

ಡಿಸೆಂಬರಿನಲ್ಲಿ ಪಾಲಕರ ಸಭೆ. ಆಡಳಿತ ಮಂಡಳಿಯ ಕಾರ್ಯದರ್ಶಿಗಳೂ ಬಂದು ಮೊದಲ ಸಾಲಿನಲ್ಲಿ ಕೂತರು. ಸ್ಪ್ಯಾನಿಷ್ ಉಳಿಯುವುದೋ ಹೋಗುವುದೋ ಅವತ್ತು ತೀರ್ಮಾನ. ಮಕ್ಕಳು ಜಮಖಾನೆಯ ಮೇಲೆ, ಕರುಣಾ ನಡುವೆ, ನಾನು ಹಿಂದಿನ ಗೋಡೆಗೆ. ಲೋಲಾ ಬುಟ್ಟಿಯಿಂದ ಎದ್ದು ಎಲ್ಲರಿಗೂ ಕೈ ಬೀಸಿ, ನಿಧಿಯ ಹತ್ತಿರ ಹೋಗಿ ಏನೋ ಕೇಳಿದಳು.

ನಿಧಿಗೆ ಅಷ್ಟೊಂದು ಜನ ನೋಡಿ ಭಯವಾಗಿತ್ತು. ಭಯವಾದಾಗ ಮಕ್ಕಳು ತಮ್ಮವರ ಹತ್ತಿರ ಹೋಗುತ್ತಾರೆ. ಅವಳು ಲೋಲಾಳನ್ನು ಅಪ್ಪಿಕೊಂಡು, "ನನಗ ಅಂಜಿಕಿ ಆಗೈತಿ, ಮನಿಗೆ ಹೋಗೋಣು" ಅಂದಳು.

"ನೋ ಎಂತಿಯೆಂದೊ" ಅಂದಳು ಲೋಲಾ, ಪ್ರೀತಿಯಿಂದ.

ನಿಧಿ ದೂರ ಸರಿದು ಅವಳ ಮುಖ ನೋಡಿದಳು. ಮತ್ತೆ ಹೇಳಿದಳು. ಮತ್ತೆ ಲೋಲಾ ತಲೆ ಓರೆ ಮಾಡಿದಳು.

"ಸುಳ್ಳ ಯಾಕ ಹೇಳ್ತಿ!" ಎಂದು ಆ ಮಗು ಕಿರುಚಿತು. "ನಿನಗ ಕನ್ನಡ ಬರ್ತೈತಿ!"

"ಹೌದ್ರಿ ಟೀಚರ್, ಲೋಲಾಗ ಕನ್ನಡ ಬರ್ತೈತ್ರಿ!" ಎಂದು ಇನ್ನೊಬ್ಬ. "ಆಡಿನ ಸುದ್ದಿ ಎಲ್ಲಾ ಗೊತ್ತೈತ್ರಿ ಆಕಿಗೆ!" ಎಂದು ಮತ್ತೊಬ್ಬಳು. ಪಾಲಕರೆಲ್ಲ ನಕ್ಕರು. ಕರುಣಾ ಮತ್ತೆ ಮತ್ತೆ ಯತ್ನಿಸಿದಳು. ಒಂದೂ ಮಗು ಒಂದೂ ಸ್ಪ್ಯಾನಿಷ್ ಮಾತು ಆಡಲಿಲ್ಲ. ಎಲ್ಲರೂ ಗೊಂಬೆಗೆ ಕನ್ನಡದಲ್ಲೇ ಬಾಯಿ ಬಿಡು ಎಂದು ಹಟ ಹಿಡಿದರು.

ಕಾರ್ಯದರ್ಶಿಗಳು ಮೇಡಂ ಕಡೆ ಬಾಗಿ, "ಕನ್ನಡ ಕಲ್ಸಾಕ ಸ್ಪೇನಿನ ಗೊಂಬಿ ಯಾಕ್ರಿ ಬೇಕಾಗಿತ್ತು?" ಅಂದರು. ಎಲ್ಲರಿಗೂ ಕೇಳಿಸುವಂತೆಯೇ ಅಂದರು.

ಅವತ್ತು ನಾನು ಎದ್ದು ಮುಂದೆ ಹೋಗಿ ಲೋಲಾಗೆ ಸ್ಪ್ಯಾನಿಷಿನಲ್ಲಿ ಎರಡು ಮಾತು ಆಡಿದ್ದರೆ ಸಾಕಿತ್ತು. ನನಗೆ ಬರುತ್ತಿತ್ತು. ಆಯಾ ಆಡಿದಳೆಂದರೆ ಮಕ್ಕಳೂ ಆಡುತ್ತಿದ್ದರು, ಅವರ ಕಣ್ಣು ಆಗಲೇ ನನ್ನ ಮೇಲಿತ್ತು. ಎಷ್ಟೋ ವರ್ಷ ಎಲ್ಲದಕ್ಕೂ ನನ್ನ ಬಾಯಿ ನೋಡಿದ ಮಕ್ಕಳ ಹಾಗೆಯೇ ಇವರೂ ತಿರುಗಿ ನೋಡುತ್ತಿದ್ದರು. ನಾನು ಗೋಡೆ ಬಿಟ್ಟು ಏಳಲಿಲ್ಲ. ಮಾತಾಡಬೇಡ ಎಂದವಳು ನೀನೇ ಅಲ್ಲವೇ ಎಂದು ಒಳಗೊಳಗೆ ಅಂದುಕೊಂಡೆ.

ಜನವರಿಯಿಂದ ಸ್ಪ್ಯಾನಿಷ್ ನಿಂತಿತು. ಕರುಣಾಳನ್ನು ಐದನೇ ಇಯತ್ತೆಗೆ ಹಾಕಿದರು. ಲೋಲಾಳನ್ನು ಹಳೆಯ ನಕಾಶೆಗಳ ಕೋಣೆಯಲ್ಲಿ ಎಸೆದಿದ್ದರು, ನಾನು ತಂದು ಅವ್ವನ ಪೆಟ್ಟಿಗೆಯಲ್ಲಿ ಇಟ್ಟೆ. ನಿಧಿ ವರ್ಷ ಮುಗಿಯುವ ತನಕ ವರ್ಗದಲ್ಲಿ ಮಾತಾಡಲಿಲ್ಲ, ನನ್ನ ಹತ್ತಿರ ಮಾತ್ರ ಬಂದು, "ಆಯಾ, ಲೋಲಾ ಯಾಕ ಸುಳ್ಳ ಹೇಳಿದ್ಲು?" ಎಂದು ಕೇಳುತ್ತಿದ್ದಳು. ನಾನು ಬಯಸಿದ್ದು ಅದೇ ಅಲ್ಲವೇ, ನನ್ನೊಬ್ಬಳ ಜೊತೆ ಮಾತಾಡಲಿ ಎಂದು? ಸಿಕ್ಕಿತು.

ಇಷ್ಟೇ ಆಗಿದ್ದರೆ ದೇವರು ಒಂದು ದಿನ ಕ್ಷಮಿಸುತ್ತಾನೆ ಎಂದುಕೊಳ್ಳಬಹುದಿತ್ತು. ಆ ಸಭೆಯ ಸಂಜೆ ಮನೆಯಲ್ಲಿ ನಾವಿಬ್ಬರೂ ಅಕ್ಕಿ ಆರಿಸುತ್ತ ಕೂತಿದ್ದೆವು. ಕರುಣಾ ಕೇಳಿದಳು.

"ಅಕ್ಕಾ, ಖರೇ ಹೇಳು. ನೀ ದಿನಾ ಹಿಂದ ಕುಂತಿರ್ತಿದ್ದಿ. ಲೋಲಾನ ಕೈಯಾಗ ಹಿಡ್ಕೊಂಡು ನಾ ಯಾವಾಗರ ಕನ್ನಡ ಮಾತಾಡೇನೇನು? ನನಗ ನೆಪ್ಪಾಗವಲ್ತು. ಮಕ್ಕಳು ಸುಳ್ಳ ಹೇಳೂದಿಲ್ಲ."

ಮೊರದಿಂದ ತಲೆ ಎತ್ತದೆ ನಾನು ಹೇಳಿದೆ.

"ಒಂದೆರಡು ಸಲ ಆಡಿದ್ದಿ ಅನಸ್ತೈತಿ. ನಿನಗ ಗೊತ್ತಾಗಿಲ್ಲ."

"ಹೌದಾ?" ಅಂದಳು. ಅಷ್ಟೇ. ಆರಿಸಿದ ಅಕ್ಕಿಯಲ್ಲಿ ಮತ್ತೆ ಕಲ್ಲು ಹುಡುಕತೊಡಗಿದಳು.

ರೇಣುಕಾ, ಮೂರನೆಯ ಮಾತು ಇದು. ನೀನು ತಿಂಗಳುಗಟ್ಟಲೆ ಸಾಕಿದ ಮಗು ಮೊದಲ ಮಾತನ್ನು ಟೀಚರ್‌ಗೆ ಆಡುತ್ತದೆ. ಹೆಚ್ಚಾಗಿ ಹಾಗೆಯೇ ಆಗುತ್ತದೆ. ನಿನ್ನ ಎದೆಯಲ್ಲಿ ಚುರ್ ಅನ್ನುತ್ತದೆ. ಆಗ ಎದ್ದು ಬಾಟಲಿ ತೊಳೆಯಲು ಹೋಗು. ಏನನ್ನೂ ಮುಟ್ಟಬೇಡ.

ಇಷ್ಟು ಬರೆದು ನಿಲ್ಲಿಸಿ, ನೋಟ್‌ಬುಕ್ಕನ್ನು ಕರುಣಾಳ ಕೈಗೆ ಕೊಟ್ಟೆ. ನಾನು ಬರೆದ ಕಾಗದ ಪತ್ರವನ್ನೆಲ್ಲ ತಿದ್ದುವವಳು ಅವಳೇ. ಕೆಂಪು ಪೆನ್ನು ಹಿಡಿದು ಕಟ್ಟೆಯ ಮೇಲೆ ಕೂತಳು. ನಾನು ಒಳಗೆ ಒಲೆಯ ಮುಂದೆ ನಿಂತೆ. ಎಮ್ಮೆಯ ಕಥೆಗೆ ಇರಬೇಕು, ಅವಳು ನಕ್ಕದ್ದು ಕೇಳಿಸಿತು. ಪುಟ ತಿರುವುವ ಸದ್ದು. ಆಮೇಲೆ ಪುಟ ತಿರುವುವ ಸದ್ದೂ ನಿಂತಿತು.

ಬಾಗಿಲಿಗೆ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಆರು ವರ್ಷ ಅಕ್ಕಾ. ಬಾಯಿ ತಗಿಯೂ ಮುಂದ ಎರಡ್ ಸಲ ವಿಚಾರ ಮಾಡೇನಿ. ಚರ್ಚಿನ್ಯಾಗ ಓದಾಕ ಕರದ್ರೂ ಒಲ್ಲೆ ಅಂದೇನಿ. ನನ್ನ ಬಾಯಿ ನನಗ ಗೊತ್ತಿಲ್ಲದ ಏನರ ಆಡ್ತೈತಿ ಅಂತ."

ನೋಟ್‌ಬುಕ್ಕನ್ನು ಒಲೆಯ ಪಕ್ಕದಲ್ಲಿಟ್ಟು ಒಳಕೋಣೆಗೆ ಹೋದಳು. 

ನಾಲ್ಕು ದಿನ ಅವಳ ಚಹಾ ಅವಳೇ ಮಾಡಿಕೊಂಡಳು. ಭಾನುವಾರ ಚರ್ಚಿನಲ್ಲಿ ಬೇರೆ ಬೆಂಚಿನಲ್ಲಿ ಕೂತಳು. ಐದನೆಯ ದಿನ ಬೆಳಿಗ್ಗೆ ನಾನು ಜೋಳ ಹಸನು ಮಾಡುತ್ತಿದ್ದಾಗ ಮುಂದೆ ಬಂದು ನಿಂತು, "ಗೊಂಬಿ ಎಲ್ಲೈತಿ?" ಅಂದಳು.

ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

"ಕಣ್ಣು ಸಡ್ಲ ಆಗೈತಿ. ಹೊಲದು ಕೊಡು."

ಹೊಲಿದುಕೊಟ್ಟೆ. ದಾರ ಹಲ್ಲಿನಿಂದ ಕಡಿಯುವ ತನಕ ಅವಳು ಅಲ್ಲೇ ನಿಂತಿದ್ದಳು.

"ಅವ್ರಿಗೆ ಹೂಂ ಅಂತ ಹೇಳೇನಿ. ಸೋಮವಾರ ಮಕ್ಕಳನ್ನ ನೋಡಾಕ ಹೊಂಟೇನಿ."

"ನಾನೂ ಬರ್ಲಿ? ಹಿಂದ ಕುಂದರ್ತೇನಿ. ಮಾತಾಡೂದಿಲ್ಲ."

"ಬ್ಯಾಡ" ಅಂದಳು. ಗೊಂಬೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನೀ ಬರಬ್ಯಾಡ ಅಕ್ಕಾ" ಅಂದಳು.

ಸೋಮವಾರ ಅವಳು ಸ್ನಾನ ಮಾಡಿ, ನೀಲಿ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ನಾನು ಬಾಗಿಲಲ್ಲಿ ನಿಂತೆ. ಚರ್ಚಿನ ಗೋಡೆಯ ಪಕ್ಕದಲ್ಲಿ ನಡೆಯುತ್ತ ಅವಳು ಹೆಗಲ ಚೀಲದೊಳಗೆ ಕೈ ಹಾಕಿದಳು. ಯಾರೂ ನೋಡುತ್ತಿಲ್ಲ ಎಂದುಕೊಂಡಿರಬೇಕು. ಲೋಲಾ ಚೀಲದಿಂದ ತಲೆ ಹೊರಗೆ ಹಾಕಿದಳು, ಜಡೆ ಅಲ್ಲಾಡಿಸಿದಳು, ಇಬ್ಬರೂ ಏನೋ ಮಾತಾಡಿಕೊಂಡರು. ಎರಡು ದನಿಯೂ ನನಗೆ ಕೇಳಿಸಿದವು, ಸ್ಪ್ಯಾನಿಷ್ ಆದರೂ ಮಾತು ತಿಳಿಯಿತು.

ನನ್ನ ಎದೆಯಲ್ಲಿ ಮತ್ತೆ ಚುರ್ ಅಂದಿತು. ಈ ವಯಸ್ಸಿಗೂ.

ಒಳಗೆ ಹೋಗಿ ಅವಳ ನೀರಿನ ಬಾಟಲಿ ನೋಡಿದೆ, ಅಲ್ಲೇ ಮರೆತು ಹೋಗಿದ್ದಳು. ತೊಳೆದು, ತುಂಬಿಸಿ, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ತನಕ ಓಡಿದೆ. ಅವಳ ಕೈಗೆ ಕೊಟ್ಟೆ. ಚೀಲದಿಂದ ಲೋಲಾ ಮತ್ತೆ ತಲೆ ಹೊರಗೆ ಹಾಕಿದಳು.

"ಗ್ರಾಸಿಯಾಸ್" ಅಂದಳು ಲೋಲಾ.